ಜೀಪಿನ ರಾಟೆ ಎಲ್ಲಿರಬೇಕು?

ಬಾವಿಗೆ ರಾಟೆ ಕಟ್ಟುವಾಗ ನಾವು ಏನು ಮಾಡುತ್ತೇವೆ? ಎರಡು ಗಟ್ಟಿ ಕಂಬ ನಿಲ್ಲಿಸುತ್ತೇವೆ. ಕಂಬದ ಮೇಲೆ ಅಡ್ಡ ತೊಲೆ ಹಾಕುತ್ತೇವೆ. ಆ ತೊಲೆಗೆ ರಾಟೆ ಕಟ್ಟುತ್ತೇವೆ. ಸೂರಿನ ತಗಡಿಗೆ ಯಾರಾದರೂ ರಾಟೆ ಕಟ್ಟುತ್ತಾರಾ? ಇಲ್ಲ. ತುಂಬಿದ ಕೊಡ ಮೇಲೆ ಬರುವಾಗ ತಗಡು ಕಿತ್ತು ಬರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲವು ಜೀಪುಗಳಿಗೂ ಇಂಥ ಒಂದು ರಾಟೆ ಇರುತ್ತದೆ. ಅದಕ್ಕೆ ವಿಂಚ್ ಅಂತಾರೆ. ಜೀಪು ಕೆಸರಿನಲ್ಲಿ ಹೂತರೆ ಅದನ್ನು ಎಳೆದು ತೆಗೆಯುವ ಯಂತ್ರ ಅದು. ಅದನ್ನು ಜೀಪಿನ ಯಾವ ಜಾಗಕ್ಕೆ ಕಟ್ಟಬೇಕು? ಈ ಪ್ರಶ್ನೆ ಡ್ರೈವರಿಗೆ, ಗ್ಯಾರೇಜಿನವರಿಗೆ ಸೇರಿದ್ದು ಅಂತ ನಾವು ತಿಳಿದಿದ್ದೆವು. ಒಂದು ದಿನ ಅದು ನಮ್ಮ ಪ್ರಶ್ನೆಯೂ ಆಯಿತು.

ಆ ದಿನ ಆದದ್ದು

2023ರ ಜುಲೈ ತಿಂಗಳು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಗಿಡ ನೆಡುವ ಕೆಲಸ ನಡೆದಿತ್ತು. ಸಂಜೆ ನಾವು ಒಂಬತ್ತು ಮಂದಿ ಹೆಂಗಸರು ಜೀಪು ಹತ್ತಿದೆವು. ಹಿಡಿದ ಮಳೆ ಬಿಟ್ಟಿರಲಿಲ್ಲ. ಗೊರಬು, ಪ್ಲಾಸ್ಟಿಕ್ ಕೊಪ್ಪೆ ಎಲ್ಲ ಮಡಿಲಲ್ಲಿ ಇಟ್ಟುಕೊಂಡು, ಕಾಲಿನ ಇಂಬಳ ಕಿತ್ತು ಹಾಕುತ್ತಾ ಕೂತಿದ್ದೆವು. ಒಂದು ಜೀಪಿನಲ್ಲಿ ಅಷ್ಟು ಜನ ಕೂರಬಹುದೇ ಅಂತ ನೀವು ಕೇಳಬಹುದು. ಕೂರಬಾರದು. ಆದರೆ ಕೂರುತ್ತೇವೆ. ಆ ಮಾತು ಇನ್ನೊಂದು ದಿನ ಆಡೋಣ.

ಹಳ್ಳ ದಾಟಿ ಏರು ಹತ್ತುವ ಕಡೆ ಜೀಪು ಹೂತಿತು. ಚಕ್ರ ಗಿರಗಿರ ತಿರುಗಿತು, ಜೀಪು ಮಾತ್ರ ಅಲ್ಲಾಡಲಿಲ್ಲ. "ಎಲ್ಲಾ ಇಳೀರಿ, ವಿಂಚ್ ಹಾಕ್ತೀನಿ" ಅಂದ ಡ್ರೈವರ್. ಮುಂದಿನ ಬಂಪರಿನ ಮೇಲೆ ಹೊಸದಾಗಿ ವಿಂಚ್ ಕೂರಿಸಿದ್ದರು. ಅದರ ತಂತಿ ಎಳೆದುಕೊಂಡು ಹೋಗಿ ಮೇಲಿದ್ದ ಹಲಸಿನ ಮರಕ್ಕೆ ಸುತ್ತಿ ಕೊಕ್ಕೆ ಹಾಕಿದ. ನಾವು ಏನಾಗುತ್ತದೆ ಅಂತ ನೋಡಲು ಅಲ್ಲೇ ಸುತ್ತ ನಿಂತೆವು.

ಸ್ವಿಚ್ ಒತ್ತಿದ. ತಂತಿ ಬಿಗಿಯಾಯಿತು. ಜೀಪು ಒಂದು ಗೇಣು ಮುಂದೆ ಬಂತು. ಆಮೇಲೆ ಟಣ್ ಅಂತ ಸದ್ದು. ಬಂಪರು ಕಿತ್ತು ವಿಂಚಿನ ಸಮೇತ ಮುಂದೆ ಬಿತ್ತು. ತಂತಿ ಚಾಟಿ ಹಾಗೆ ಬೀಸಿ ಹೋಗಿ ಹಲಸಿನ ಮರದ ಸಿಪ್ಪೆ ಎಬ್ಬಿಸಿತು. ಮರದ ಪಕ್ಕದಲ್ಲಿ ನಮ್ಮ ಜೊತೆಯ ಒಬ್ಬ ಅಕ್ಕ ನಿಂತಿದ್ದರು. ಅವರ ಚಪ್ಪಲಿ ಕೆಸರಲ್ಲಿ ಕಚ್ಚಿಕೊಂಡಿತ್ತು. ಅದನ್ನು ಕೀಳಲು ಆಗಷ್ಟೇ ಹತ್ತು ಹೆಜ್ಜೆ ಈಚೆ ಬಂದಿದ್ದರು. ಆ ಚಪ್ಪಲಿ ಅವರನ್ನು ಉಳಿಸಿತು.

ಬಿದ್ದ ಬಂಪರನ್ನು ನಾವೆಲ್ಲ ನೋಡಿದೆವು. ಎಡಗಡೆ ಎರಡು, ಬಲಗಡೆ ಎರಡು ಬೋಲ್ಟು. ಕಿರುಬೆರಳಿನಷ್ಟು ದಪ್ಪ. ಅದರ ಸುತ್ತ ತಗಡು ಹರಿದಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು ಹೇಳಿದರು: "ಬಾವಿ ರಾಟೆಗೆ ನಾವು ತೊಲೆ ಹುಡುಕ್ತೀವಿ. ಇವ್ರು ತಗಡಿಗೆ ಕಟ್ಟಿದ್ದಾರಲ್ಲ!"

ಆ ಮೇಲೆ ಗ್ಯಾರೇಜಿನ ಮೇಸ್ತ್ರಿಯನ್ನು ನಾವು ಕೂರಿಸಿಕೊಂಡು ಕೇಳಿದೆವು. ಅವರೂ ಅದೇ ಮಾತು ಹೇಳಿದರು.

ಬಳೆ ಬೇರೆ, ಎಲುಬು ಬೇರೆ

ವಿಂಚ್ ಅಂದರೆ ಏನು? ಒಂದು ಕಬ್ಬಿಣದ ಉರುಳೆ. ಅದಕ್ಕೆ ಸುತ್ತಿದ ಉಕ್ಕಿನ ತಂತಿ ಹಗ್ಗ. ಉರುಳೆ ತಿರುಗಿಸಲು ಒಂದು ಮೋಟಾರು. ಮೋಟಾರಿಗೆ ಜೀಪಿನ ಬ್ಯಾಟರಿಯಿಂದ ಕರೆಂಟು. ನಡುವೆ ಹಲ್ಲಿನ ಚಕ್ರಗಳು ಇರುತ್ತವೆ. ಅವು ಮೋಟಾರಿನ ವೇಗ ಕಡಿಮೆ ಮಾಡಿ ಬಲ ಹೆಚ್ಚಿಸುತ್ತವೆ. ಅದಕ್ಕೇ ವಿಂಚ್ ಆಮೆಯ ಹಾಗೆ ನಿಧಾನ, ಆನೆಯ ಹಾಗೆ ಬಲ.

ಎಷ್ಟು ಬಲ? ಜನ, ಸಾಮಾನು ಎಲ್ಲ ಸೇರಿ ಒಂದು ಸಣ್ಣ ಜೀಪು 1500 ಕಿಲೋ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಅದರ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಬೇಕು ಅನ್ನುವುದು ಬಲ್ಲವರ ಲೆಕ್ಕ. ಅಂದರೆ 2250 ಕಿಲೋ. 50 ಕಿಲೋ ಅಕ್ಕಿ ಮೂಟೆ 45 ಇಟ್ಟ ಹಾಗೆ. ಅಂಗಡಿಯಲ್ಲಿ ಈ ಲೆಕ್ಕವನ್ನು ಪೌಂಡಿನಲ್ಲಿ ಹೇಳುತ್ತಾರೆ. 5000 ಪೌಂಡು ಅಂದರೆ ಸುಮಾರು 2270 ಕಿಲೋ.

ಈಗ ಯೋಚಿಸಿ. ವಿಂಚ್ ಮರವನ್ನು ಅಷ್ಟು ಬಲದಿಂದ ಎಳೆದರೆ, ಮರವೂ ವಿಂಚನ್ನು ಅಷ್ಟೇ ಬಲದಿಂದ ಎಳೆಯುತ್ತದೆ. 45 ಮೂಟೆಯ ಭಾರವೂ ವಿಂಚನ್ನು ಕೂರಿಸಿದ ಬೋಲ್ಟುಗಳ ಮೇಲೆ ಬೀಳುತ್ತದೆ. ಬೋಲ್ಟು ತಡೆದರೂ ಅದು ಕೂತ ತಗಡು ತಡೆಯಬೇಕಲ್ಲ?

ಜೀಪಿನ ಕೆಳಗೆ ಬಗ್ಗಿ ನೋಡಿದರೆ ಉದ್ದಕ್ಕೂ ಎರಡು ಕಬ್ಬಿಣದ ತೊಲೆ ಕಾಣುತ್ತವೆ. ಮುಂದಿನಿಂದ ಹಿಂದಿನವರೆಗೆ. ನಡುವೆ ಅಡ್ಡಪಟ್ಟಿಗಳು. ಒಂದು ಏಣಿ ಮಲಗಿಸಿದ ಹಾಗೆ. ಅದಕ್ಕೆ ಚಾಸಿ ಅಂತಾರೆ. ಅದೇ ಜೀಪಿನ ಬೆನ್ನೆಲುಬು. ಎಂಜಿನ್ನು, ಸೀಟು, ಚಕ್ರ ಎಲ್ಲವೂ ಅದರ ಮೇಲೆಯೇ ನಿಂತಿವೆ. ಬಂಪರು ಹಾಗಲ್ಲ. ಅದು ಕೈಗೆ ಹಾಕಿದ ಬಳೆ. ಸಣ್ಣ ಪೆಟ್ಟು ತಾಳಲು ಇಟ್ಟದ್ದು. ಮಗು ಬಿದ್ದಾಗ ಬಳೆ ಹಿಡಿದು ಎತ್ತುತ್ತೇವಾ? ರಟ್ಟೆ ಹಿಡಿದು ಎತ್ತುತ್ತೇವೆ.

ಹಾಗಾಗಿ ಮೊದಲ ಮಾತು ಇದು: ವಿಂಚ್ ಮುಂದೆ ಇರಲಿ, ಹಿಂದೆ ಇರಲಿ, ಚಾಸಿಯ ಎರಡೂ ತೊಲೆಗೆ ಸೇರಿರಬೇಕು. ಒಂದೇ ತೊಲೆಗೆ ಕಟ್ಟಿದರೆ ಏಣಿ ಸೊಟ್ಟ ಆಗುತ್ತದೆ. ದಪ್ಪ ಉಕ್ಕಿನ ಹಲಗೆಯನ್ನು ಎರಡೂ ತೊಲೆಗೆ ಬೋಲ್ಟು ಹಾಕಿ ಬಿಗಿದು, ಅದರ ಮೇಲೆ ವಿಂಚ್ ಕೂರಿಸಬೇಕು. ಆಗ ಎಳೆತ ಇಡೀ ಜೀಪಿಗೆ ಹಂಚಿ ಹೋಗುತ್ತದೆ.

ಎಷ್ಟು ಎತ್ತರದಲ್ಲಿ? ಹಸು ಕಟ್ಟುವ ಗೂಟ ನೆನಪು ಮಾಡಿಕೊಳ್ಳಿ. ಹಗ್ಗವನ್ನು ಗೂಟದ ಬುಡಕ್ಕೆ ಕಟ್ಟಿದರೆ ಹಸು ಎಷ್ಟು ಜಗ್ಗಿದರೂ ಗೂಟ ನಿಲ್ಲುತ್ತದೆ. ತುದಿಗೆ ಕಟ್ಟಿದರೆ ಎರಡು ಜಗ್ಗಿಗೆ ಗೂಟ ಸಡಿಲ. ವಿಂಚಿಗೂ ಇದೇ ನ್ಯಾಯ. ಚಾಸಿಯ ಮಟ್ಟದಲ್ಲಿ, ಎರಡು ತೊಲೆಗಳ ನಡುವೆ ಕೂತರೆ ಒಳ್ಳೆಯದು. ಅಂದ ಕಾಣಲಿ ಅಂತ ಎತ್ತರದ ಪೀಠ ಮಾಡಿ ಮೇಲೆ ಕೂರಿಸಿದರೆ ಪೀಠವೇ ಮಗುಚುತ್ತದೆ. ತೀರಾ ಕೆಳಗೂ ಬೇಡ. ಕಲ್ಲಿಗೆ ಬಡಿಯುತ್ತದೆ, ಕೆಸರು ತುಂಬುತ್ತದೆ.

ಮುಂದೆಯೋ, ಹಿಂದೆಯೋ?

ಇದರಲ್ಲಿ ಮೇಸ್ತ್ರಿಗಳಲ್ಲೇ ಜಗಳ ಇದೆ. ನಾವು ಎರಡೂ ಕಡೆಯ ಮಾತು ಕೇಳಿದೆವು.

ಹಿಂದೆ ಇರಲಿ ಅನ್ನುವವರ ಮಾತಿನಲ್ಲಿ ಹುರುಳಿದೆ. ಜೀಪು ಕೆಸರಿಗೆ ಇಳಿಯುವಾಗ ಮೊದಲು ಹೂಳುವುದು ಮುಂದಿನ ಚಕ್ರ. ಹಿಂದಿನ ಚಕ್ರ ಇನ್ನೂ ಗಟ್ಟಿ ನೆಲದಲ್ಲಿ ಇರುತ್ತದೆ. ಬಂದ ದಾರಿ ನಮಗೆ ಗೊತ್ತು, ಮುಂದಿನ ದಾರಿ ಗೊತ್ತಿಲ್ಲ. ಹಿಂದಕ್ಕೆ ಎಳೆದರೆ ನಾಲ್ಕು ಮಾರಿನಲ್ಲಿ ಕೆಲಸ ಮುಗಿಯುತ್ತದೆ. ಮುಂದಕ್ಕೆ ಎಳೆದರೆ ಇನ್ನಷ್ಟು ಕೆಸರಿಗೆ ಹೋಗಬೇಕಾಗಬಹುದು.

ಮುಂದೆ ಇರಲಿ ಅನ್ನುವವರು ಮೂರು ನಾಲ್ಕು ಕಾರಣ ಹೇಳುತ್ತಾರೆ. ಡ್ರೈವರಿಗೆ ತಂತಿ ಕಣ್ಣೆದುರು ಇರುತ್ತದೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ಕಾಣುತ್ತದೆ. ಏರು ಹತ್ತಬೇಕಾದರೆ ಮುಂದಿನ ಎಳೆತವೇ ಬೇಕು. ಬ್ಯಾಟರಿ ಸಾಮಾನ್ಯವಾಗಿ ಮುಂದೆಯೇ ಇರುತ್ತದೆ. ವಿಂಚ್ ಜೋರಾಗಿ ಎಳೆಯುವಾಗ ಭಾರೀ ಕರೆಂಟು ಕುಡಿಯುತ್ತದೆ. ಅದಕ್ಕೆ ಬೆರಳು ದಪ್ಪದ ವೈರು ಬೇಕು. ವಿಂಚ್ ಹಿಂದೆ ಇದ್ದರೆ ಆ ವೈರನ್ನು ಜೀಪಿನ ಕೆಳಗೆ ಉದ್ದಕ್ಕೂ ಎಳೆಯಬೇಕು. ಎಲ್ಲೋ ಒಂದು ಕಡೆ ಉಜ್ಜಿ ಮೇಲಿನ ರಬ್ಬರು ಸವೆದರೆ ಬೆಂಕಿ ಹತ್ತಬಹುದು.

ನಮ್ಮ ಮನಸ್ಸಿಗೆ ಹಿಡಿದ ಕಾರಣ ಬೇರೆ. ಅದನ್ನು ಮೇಸ್ತ್ರಿ ಹೇಳಲಿಲ್ಲ, ನಮಗೇ ಹೊಳೆಯಿತು. ನಾವು ಜೀಪು ಹತ್ತುವುದು ಎಲ್ಲಿಂದ? ಹಿಂದಿನಿಂದ. ಇಳಿಯುವುದೂ ಹಿಂದಿನಿಂದ. ವಿಂಚ್ ಅಲ್ಲಿದ್ದರೆ ನಮ್ಮ ಸೀರೆ ಸಿಕ್ಕುವುದು, ಮಕ್ಕಳು ಕೈ ಹಾಕುವುದು ಎಲ್ಲಾ ಅಲ್ಲೇ. ಮರದ ದಿಮ್ಮಿ ಎಳೆಯುವ ಜೀಪಿಗೆ ಹಿಂದಿನ ವಿಂಚ್ ಸರಿ ಇರಬಹುದು. ಜನರನ್ನು ಕೂರಿಸುವ ಜೀಪಿಗೆ ಮುಂದಿನದೇ ಸರಿ ಅಂತ ನಮ್ಮ ಅಭಿಪ್ರಾಯ.

ಹಾಗಾದರೆ ಹಿಂದಕ್ಕೆ ಎಳೆಯಬೇಕಾದಾಗ? ಅದಕ್ಕೂ ಒಂದು ದಾರಿ ಇದೆ. ಜೀಪಿನ ಹಿಂದೆ, ಚಾಸಿಗೆ ಸೇರಿದ ಹಾಗೆ, ಒಂದು ಗಟ್ಟಿ ಕೊಕ್ಕೆ ಇರಲಿ. ಕೈಯಿಂದ ಸನ್ನೆ ಆಡಿಸಿ ಎಳೆಯುವ ವಿಂಚ್ ಸಿಗುತ್ತದೆ. ಅದಕ್ಕೆ ಕರೆಂಟು ಬೇಡ. ಒಂದು ತುದಿ ಕೊಕ್ಕೆಗೆ, ಇನ್ನೊಂದು ತುದಿ ಮರಕ್ಕೆ. ಕೆಲಸ ನಿಧಾನ, ರಟ್ಟೆ ನೋಯುತ್ತದೆ. ಆದರೆ ಬೇಕಾದ ಕಡೆ ಹಾಕಬಹುದು.

ಬೇಕಾದಾಗ ಮುಂದೆ, ಬೇಕಾದಾಗ ಹಿಂದೆ ಸಿಕ್ಕಿಸುವ ಮೋಟಾರು ವಿಂಚೂ ಉಂಟು. ಕೇಳಲು ಚೆಂದ. ಆದರೆ ಪೀಠ ಸಮೇತ 40 ಕಿಲೋ ಆದರೂ ತೂಗುವ ಆ ಗಂಟನ್ನು ಮೊಣಕಾಲು ಕೆಸರಿನಲ್ಲಿ ಹೊತ್ತು ಸಿಕ್ಕಿಸುವವರು ಯಾರು? ಭಾರ ಅಂತ ಮನೆಯಲ್ಲೇ ಬಿಟ್ಟು ಬರುವುದೇ ಹೆಚ್ಚು. ಜೀಪಿನ ಹೊಟ್ಟೆಯ ಕೆಳಗೆ ನಡುವಿನಲ್ಲಿ ಕೂರಿಸುವವರೂ ಇದ್ದಾರೆ. ಅಲ್ಲಿ ಕೆಸರು ತುಂಬುತ್ತದೆ, ತಂತಿ ಹೇಗೆ ಸುತ್ತುತ್ತಿದೆ ಅಂತ ಕಾಣುವುದಿಲ್ಲ.

ಮೂತಿ ಭಾರ

ಮುಂದೆ ಕೂರಿಸಿದರೆ ಒಂದು ತೊಂದರೆ ಉಂಟು. ಸಣ್ಣ ಜೀಪಿಗೆ ಮೂತಿ ಭಾರ ಆಗುತ್ತದೆ. ಇದನ್ನು ಲೆಕ್ಕ ಮಾಡಿ ನೋಡೋಣ.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 225 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿಯ ತಮ್ಮನಂಥ ಮೂರು ಬಾಗಿಲಿನ ಗಾಡಿಗೆ ಅಷ್ಟೇ ಇದೆ. ವಿಂಚ್ ಮತ್ತು ಪೀಠ ಸೇರಿ 50 ಕಿಲೋ. ಅದು ಮುಂದಿನ ಚಕ್ರದಿಂದ 60 ಸೆಂಟಿಮೀಟರ್ ಮುಂದೆ ಕೂತಿದೆ. ಏತ ನೋಡಿದ್ದೀರಲ್ಲ? ಒಂದು ಕಡೆ ಭಾರ ಬಿದ್ದರೆ ಇನ್ನೊಂದು ಕಡೆ ಏಳುತ್ತದೆ. ಇಲ್ಲೂ ಹಾಗೆ. 50ನ್ನು 60ರಿಂದ ಗುಣಿಸಿ, 225ರಿಂದ ಭಾಗಿಸಿ. ಸುಮಾರು 13 ಬರುತ್ತದೆ. ಅಂದರೆ ಹಿಂದಿನ ಚಕ್ರದ ಮೇಲಿನ ಭಾರ 13 ಕಿಲೋ ಕಡಿಮೆ ಆಯಿತು. ಮುಂದಿನ ಚಕ್ರಕ್ಕೆ 50 ಅಲ್ಲ, 63 ಕಿಲೋ ಬಿತ್ತು.

ಭಾರ ಬಿದ್ದ ಮೂತಿ ತಗ್ಗುತ್ತದೆ. ಕೆಸರಿನಲ್ಲಿ ಮೊದಲು ಅದೇ ಹೂಳುತ್ತದೆ. ಕೆಸರಿನಿಂದ ಎತ್ತಲು ತಂದ ಯಂತ್ರವೇ ಕೆಸರಿಗೆ ಒತ್ತಿದ ಹಾಗೆ! ಅದಕ್ಕೇ ಸಣ್ಣ ಜೀಪಿಗೆ ದೊಡ್ಡ ಲಾರಿಯ ವಿಂಚ್ ತರಬಾರದು. ವಿಂಚನ್ನು ಆದಷ್ಟು ಚಕ್ರದ ಹತ್ತಿರಕ್ಕೆ, ಒಳಕ್ಕೆ ತಳ್ಳಿ ಕೂರಿಸಬೇಕು. 60 ಸೆಂಟಿಮೀಟರ್ ಬದಲು 45ರಲ್ಲಿ ಕೂತರೆ ಹಿಂದಿನ ಭಾರ ಕಡಿಮೆಯಾಗುವುದು 10 ಕಿಲೋ ಮಾತ್ರ. ಉಕ್ಕಿನ ತಂತಿಯ ಬದಲು ನೈಲಾನಿನಂತೆ ಕಾಣುವ ಗಟ್ಟಿ ನೂಲಿನ ಹಗ್ಗ ಈಗ ಸಿಗುತ್ತದೆ. ಅದು ತುಂಬಾ ಹಗುರ. ಆದರೆ ಬಂಡೆಗೆ ಉಜ್ಜಿದರೆ ಬೇಗ ಹರಿಯುತ್ತದೆ, ಬೆಲೆಯೂ ಹೆಚ್ಚು.

ಒಳಕ್ಕೆ ತಳ್ಳುವಾಗ ರೇಡಿಯೇಟರಿಗೆ ಗಾಳಿ ಅಡ್ಡ ಆಗಬಾರದು. ಅಡ್ಡವಾದರೆ ಎಂಜಿನ್ನು ಕಾಯುತ್ತದೆ. ದೀಪ, ನಂಬರು ಹಲಗೆ ಮುಚ್ಚಬಾರದು. ಹೊಸ ಗಾಡಿಗಳಲ್ಲಿ ಗಾಳಿ ಚೀಲ ಇರುತ್ತದೆ. ಡಿಕ್ಕಿ ಆದಾಗ ಅದು ಉಬ್ಬಿ ಮುಂದೆ ಕೂತವರನ್ನು ಕಾಪಾಡುತ್ತದೆ. ಬಂಪರ್ ಬದಲಿಸಿ ಭಾರೀ ಕಬ್ಬಿಣ ಹಾಕಿದರೆ ಅದು ಸಮಯಕ್ಕೆ ಸರಿಯಾಗಿ ಉಬ್ಬದೆ ಹೋಗಬಹುದು. ಇನ್ನೊಂದು ಮಾತು. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೆ ಪತ್ರ ಬರೆಯಿತು. ಗಾಡಿಯ ಮುಂದೆ ಮನಬಂದಂತೆ ಕಬ್ಬಿಣದ ಕಂಬಿ ಕಟ್ಟಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ. ದಾರಿಯಲ್ಲಿ ನಡೆಯುವವರಿಗೆ ಆ ಕಂಬಿ ಬಡಿದರೆ ಪೆಟ್ಟು ಹೆಚ್ಚು. ಹಾಗಾಗಿ ಬಂಪರು ಬದಲಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ಕೇಳದೆ ಮಾಡಿಸಿ ಆಮೇಲೆ ದಂಡ ಕಟ್ಟಿದವರನ್ನು ನಾವು ಕಂಡಿದ್ದೇವೆ.

ನಾವು ಎಲ್ಲಿ ನಿಲ್ಲಬೇಕು?

ಜೀಪು ನಮ್ಮದಲ್ಲ. ವಿಂಚ್ ಎಲ್ಲಿ ಕೂರಬೇಕು ಅಂತ ಹೇಳುವ ಅಧಿಕಾರವೂ ನಮಗೆ ಇಲ್ಲದಿರಬಹುದು. ಆದರೆ ನಾವು ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ಬಿಗಿದ ತಂತಿಯ ಹತ್ತಿರ ಯಾರೂ ನಿಲ್ಲಬಾರದು. ದಾಟಲೂಬಾರದು. ಹೊರಗೆ ಎಷ್ಟು ಉದ್ದ ತಂತಿ ಇದೆಯೋ ಅದಕ್ಕಿಂತ ದೂರ ಇರಬೇಕು. 15 ಮೀಟರ್ ತಂತಿ ಬಿಟ್ಟಿದ್ದರೆ ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಸಾಲದು, ಮೂವತ್ತು ನಲವತ್ತು ಹೆಜ್ಜೆ ಆಚೆ ಹೋಗಿ. ಒದ್ದೆ ಕಂಬಳಿಯನ್ನೋ ಗೋಣಿ ಚೀಲವನ್ನೋ ತಂತಿಯ ನಡುವೆ ಹೊದಿಸಿದರೆ, ತುಂಡಾದಾಗ ಅದು ಹಾರದೆ ನೆಲಕ್ಕೆ ಬೀಳುತ್ತದೆ. ನಮ್ಮ ಕೊಪ್ಪೆ ಕಂಬಳಿಯನ್ನು ಈಗ ಡ್ರೈವರೇ ಕೇಳಿ ಪಡೆಯುತ್ತಾನೆ.

ಕೆಲವು ಸಾರಿ ಮರ ನೇರಕ್ಕೆ ಇರುವುದಿಲ್ಲ. ಆಗ ತಂತಿಯನ್ನು ಬೇರೆ ಮರಕ್ಕೆ ಕಟ್ಟಿದ ರಾಟೆಯ ಮೇಲೆ ಹಾಯಿಸಿ ಎಳೆಯುತ್ತಾರೆ. ತಂತಿ ಮೊಣಕೈಯಂತೆ ಮಡಿಚಿಕೊಂಡಿರುತ್ತದೆ. ಆ ಮಡಿಕೆಯ ಒಳಗಡೆ ಯಾವತ್ತೂ ನಿಲ್ಲಬೇಡಿ. ರಾಟೆ ಕಿತ್ತರೆ ತಂತಿ ಆ ಜಾಗವನ್ನೇ ಗುಡಿಸಿಕೊಂಡು ಹೋಗುತ್ತದೆ. ರಾಟೆ ಇಲ್ಲದೆ ಓರೆಯಾಗಿ ಎಳೆದರೂ ಕಷ್ಟ. ತಂತಿ ಉರುಳೆಯ ಒಂದೇ ಪಕ್ಕಕ್ಕೆ ಗುಡ್ಡೆ ಬೀಳುತ್ತದೆ, ಪೀಠ ತಿರುಚುತ್ತದೆ.

ಸೀರೆ ಉಟ್ಟವರು, ದುಪಟ್ಟಾ ಹಾಕಿದವರು ತಿರುಗುವ ಉರುಳೆಯ ಹತ್ತಿರ ಹೋಗಲೇಬಾರದು. ಸೆರಗು ಸಿಕ್ಕಿದರೆ ಬಿಡಿಸುವಷ್ಟು ಹೊತ್ತು ಇರುವುದಿಲ್ಲ. ಜಡೆಯೂ ಅಷ್ಟೆ. ತಂತಿ ಹಿಡಿದು ಕೊಡಿ ಅಂತ ಯಾರಾದರೂ ಕೇಳಿದರೆ ಬರಿಗೈಯಲ್ಲಿ ಹಿಡಿಯಬೇಡಿ. ಹಳೆಯ ತಂತಿಯಲ್ಲಿ ಎಳೆ ಎದ್ದು ಮುಳ್ಳಾಗಿರುತ್ತದೆ. ಚರ್ಮದ ಕೈಗವಸು ಕೇಳಿ ತೆಗೆದುಕೊಳ್ಳಿ.

ಮರಕ್ಕೆ ತಂತಿಯನ್ನೇ ಸುತ್ತಬಾರದು, ಸಿಪ್ಪೆ ಕೊಯ್ಯುತ್ತದೆ. ಅಗಲ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಹಾಕಬೇಕು. ಅದೂ ಬುಡದಲ್ಲಿ. ಹಸುವಿನ ಗೂಟದ ನ್ಯಾಯ ಇಲ್ಲೂ ಉಂಟು. ಅಡಿಕೆ ಮರ ಹತ್ತಿರ ಇದೆ ಅಂತ ಅದಕ್ಕೆ ಕಟ್ಟುವವರಿದ್ದಾರೆ. ಮರವೂ ಹೋಗುತ್ತದೆ, ಜೀಪೂ ಬರುವುದಿಲ್ಲ.

ಆಮೇಲೆ

ತೋಟದವರು ಜೀಪನ್ನು ಗ್ಯಾರೇಜಿಗೆ ಕಳಿಸಿದರು. ಹದಿನೈದು ದಿನ ನಾವು ನಡೆದೇ ಹೋದೆವು. ಜೀಪು ತಿರುಗಿ ಬಂದ ದಿನ, ಚಪ್ಪಲಿ ಕೀಳಲು ಹೋಗಿ ಉಳಿದಿದ್ದ ಆ ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಬಗ್ಗಿ ನೋಡಿದರು. ಉಕ್ಕಿನ ಹಲಗೆ ಎರಡೂ ತೊಲೆಗೆ ಸೇರಿತ್ತು. ಒಂದೊಂದು ಕಡೆ ನಾಲ್ಕು ಬೋಲ್ಟು. ಅವರು ಬೆರಳು ಇಟ್ಟು ಎಣಿಸಿದರು. "ಏನಕ್ಕಾ, ಇನ್‌ಸ್ಪೆಕ್ಟರ್ ಆಗ್ಬಿಟ್ರಾ?" ಅಂತ ಡ್ರೈವರ್ ನಕ್ಕ. "ಎಂಟು ಇದೆ, ಹತ್ತಬಹುದು" ಅಂದರು ಅವರು.

ಮರುವರ್ಷ 2024ರ ಮಳೆಯಲ್ಲಿ ಅದೇ ಏರಿನಲ್ಲಿ ಜೀಪು ಮತ್ತೆ ಹೂತಿತು. ಈ ಸಲ ನಾವು ಹೇಳಿಸಿಕೊಳ್ಳದೆ ಇಳಿದು ದೂರ ಹೋಗಿ ನಿಂತೆವು. ಕಂಬಳಿ ಹೊದಿಸಿದ್ದಾಯಿತು. ವಿಂಚ್ ಗುರ್ ಅಂತ ಒಂದು ನಿಮಿಷ ಎಳೆಯುತ್ತಿತ್ತು, ಮೋಟಾರು ಕಾಯಬಾರದು ಅಂತ ಆಮೇಲೆ ನಿಲ್ಲಿಸುತ್ತಿದ್ದ. ಹೀಗೆ ಆರೇಳು ಸಲ. ಜೀಪು ಮೇಲೆ ಬಂತು. ಕಂಬಳಿ ಪೂರಾ ಕೆಸರಾಗಿತ್ತು. ಹಳ್ಳದಲ್ಲಿ ಜಾಲಿಸಿ ಹಿಂಡಿಕೊಂಡು ಹತ್ತಿ ಕೂತೆವು. ಮನೆ ಸೇರುವಾಗ ಏಳು ಗಂಟೆ ದಾಟಿತ್ತು.